ಕಿರುಬೆರಳಿಗೆ ಎಟುಕುವಂತೆ

ಆಟೋ ಕಾಂಪ್ಲೆಕ್ಸಿನ ಮೂರನೇ ಸಾಲಿನಲ್ಲಿ
ನನ್ನ ಹೆರಾಲ್ಡು ಬಾಯಿ ತೆರೆದು ನಿಂತಿದೆ.
ಇದರ ಬಾನೆಟ್ಟು ಬರೀ ಮುಚ್ಚಳವಲ್ಲ,
ಮಡ್‌ಗಾರ್ಡು ಹೆಡ್‌ಲೈಟು ಸಮೇತ ಇಡೀ ಮುಖವೇ
ಮುಂದಕ್ಕೆ ಬಾಗಿ ನೆಲ ನೋಡುತ್ತದೆ,
ಜೂನಿಯರ್ ಟೈಪಿಂಗಿನಲ್ಲಿ ಫೇಲಾದ ಹುಡುಗಿಯ ಹಾಗೆ.

ಅರವತ್ತೇಳನೇ ಇಸವಿಯದು. ನಾನು ಎಂಟು ವರ್ಷಕ್ಕೆ ದೊಡ್ಡವಳು.
ದುರ್ಗಿಗುಡಿಯ ಮಹಡಿಯ ಇನ್‌ಸ್ಟಿಟ್ಯೂಟು ಮುಚ್ಚಿದ ದಿನ
ಇಪ್ಪತ್ತೆರಡು ರೆಮಿಂಗ್ಟನ್ನುಗಳನ್ನು ತೂಕಕ್ಕೆ ಹಾಕಿ
ಅದೇ ಗುಜರಿಯವನ ಹಿತ್ತಲಿನಿಂದ ಇದನ್ನು ಎಳೆಸಿ ತಂದೆ.
ಕಬ್ಬಿಣಕ್ಕೆ ಕಬ್ಬಿಣ.
ಮೇಲೆ ಕೊಟ್ಟದ್ದೆಷ್ಟು ಅಂತ ತಂಗಿಗೆ ಇನ್ನೂ ಹೇಳಿಲ್ಲ.

ದಸ್ತಗೀರ್ ಸಾಬರು ಟೀ ಲೋಟವನ್ನು ಬ್ಯಾಟರಿಯ ಮೇಲಿಟ್ಟು
"ಮೇಡಂ, ನೀವು ಹೋಗೋದು ಯಾವ ಕಡೆ?
ಮೊದಲು ಅದು ಹೇಳಿ, ಗೇರಿನ ಮಾತು ಆಮೇಲೆ" ಎಂದರು.

ಶಿವಮೊಗ್ಗದಲ್ಲಿ ಇದು ಸಣ್ಣ ಪ್ರಶ್ನೆಯಲ್ಲ.
ಪಡುವಣಕ್ಕೆ ಹೊರಟರೆ ಮಂಡಗದ್ದೆ, ತೀರ್ಥಹಳ್ಳಿ, ಆಗುಂಬೆ:
ಎರಡನೇ ಗೇರು, ಮತ್ತೆ ಎರಡನೇ ಗೇರು,
ತಿರುವಿನಲ್ಲಿ ಎದುರಿಗೆ ಬಸ್ಸು ಬಂದರೆ ಒಂದನೇದು.
ಮೂಡಣಕ್ಕೆ ಹೊರಟರೆ ಹೊನ್ನಾಳಿ ದಾಟಿದ್ದೇ
ರಸ್ತೆ ಸ್ಕೇಲಿಟ್ಟು ಎಳೆದಂತೆ ಮಲಗಿರುತ್ತದೆ,
ನಾಲ್ಕನೇ ಗೇರಿನ ಆಚೆ ಏನೂ ಇಲ್ಲದೆ
ಎಂಜಿನ್ನು ಒಂದೇ ಸಮ ಅರಚುತ್ತದೆ.
ಎರಡು ಕಡೆಗೂ ಹೋಗ್ತೀನಿ ಅಂದೆ.
ಸಾಬರು ಟೀ ಮುಗಿಸಿದರು.

"ಕ್ರೌನ್ ಪಿನಿಯನ್ ಬದಲಿಸೋಣ" ಎಂದ ಅವರ ಅಳಿಯ ನವಾಜ.
ಖರ್ಚು ಕಮ್ಮಿ. ಆದರೆ ಎಲ್ಲ ಗೇರೂ ಉದ್ದವಾಗುತ್ತವೆ,
ಸೋಮೇಶ್ವರದಿಂದ ಹತ್ತುವಾಗ ಏಳನೇ ತಿರುವಿನಲ್ಲಿ
ಗಾಡಿ ಎದೆ ಹಿಡಿದುಕೊಂಡು ನಿಲ್ಲುತ್ತದೆ.
"ಹಾಗಾದರೆ ಜಿಪ್ಸಿಯ ಐದು ಗೇರಿನ ಪೆಟ್ಟಿಗೆ,
ಸಾಮಾನು ಬೀದಿಬೀದಿಯಲ್ಲಿ ಸಿಗುತ್ತೆ."
ಭದ್ರಾವತಿಯ ಲೇತಿನಲ್ಲಿ ನಡುವಿನ ಪ್ಲೇಟು ಮಾಡಿಸಬೇಕು,
ಚಾಸಿಯ ಅಡ್ಡಪಟ್ಟಿ ಇಷ್ಟು ಕೊಯ್ಯಬೇಕು.
ಚಾಕ್‌ಪೀಸಿನಲ್ಲಿ ಗೆರೆಯನ್ನೂ ಎಳೆದ.
ಸಾಬರು ಹೆಬ್ಬೆರಳಿನಿಂದ ಅದನ್ನು ಒರೆಸಿದರು.
"ಕೊಯ್ದದ್ದು ಮತ್ತೆ ಬೆಳೆಯಲ್ಲ ಕಣೋ."

ಮೂರನೇದು ಕೊಯಮತ್ತೂರಿನವರ ಬಳಿ ಇತ್ತು,
ಗೋಣಿಯಲ್ಲಿ ಸುತ್ತಿದ, ಐದು ವರ್ಷದ ಮಗುವಿನ ತೂಕದ ಓವರ್‌ಡ್ರೈವು.
ಗೇರ್‌ಬಾಕ್ಸಿನ ಬಾಲಕ್ಕೆ ಅದನ್ನು ಕೂರಿಸಿ
ಶಾಫ್ಟನ್ನು ನಾಲ್ಕು ಬೆರಳು ಗಿಡ್ಡ ಮಾಡಿದರಾಯಿತು.
ಘಾಟಿಗೆ ಹಳೇ ಗೇರುಗಳು ಹಾಗೇ ಉಳಿಯುತ್ತವೆ,
ಬಯಲಿಗೆ ಒಂದು ಸ್ವಿಚ್ಚು.
ಬೆಲೆ, ಗಾಡಿಯದಕ್ಕಿಂತ ಒಂದೂವರೆ ಪಟ್ಟು.

ಅವರ ಗಾಡಿಯಲ್ಲಿ ಕೂತು ನೋಡಿದ್ದೆ.
ಕ್ಲಚ್ಚು ತುಳಿಯಲಿಲ್ಲ, ಗೇರು ಮುಟ್ಟಲಿಲ್ಲ,
ಸ್ವಿಚ್ಚು ಅಂದದ್ದು ಬರೀ ಟಿಕ್.
ಒಂದು ಉಸಿರಿನಷ್ಟು ತಡೆದು
ಎಂಜಿನ್ನು ದನಿ ಇಳಿಸಿತು.
ಮುಳ್ಳು ತೊಂಬತ್ತರಲ್ಲೇ ಇದೆ, ಮರಗಳು ಅದೇ ವೇಗದಲ್ಲಿ ಹಿಂದೆ ಬೀಳುತ್ತಿವೆ,
ನೂರು ಸುತ್ತಿನ ಕೆಲಸ ಎಂಬತ್ತರಲ್ಲಿ ಆಗುತ್ತಿದೆ.
ಪರೀಕ್ಷೆಯ ಹಾಲಿನಲ್ಲಿ "ಸ್ಟಾಪ್" ಅಂದಾಗ
ಇಪ್ಪತ್ತೆರಡು ಯಂತ್ರಗಳು ಬಿಟ್ಟುಕೊಡುತ್ತಿದ್ದ ಜಾಗ ನೆನಪಾಯಿತು,
ಅಲ್ಲಿ ಗೋಡೆ ಗಡಿಯಾರ ಮೊದಲ ಸಲ ಕೇಳುತ್ತಿತ್ತು.

"ಒಂದು ಎಚ್ಚರ. ಇದು ಹಾಕಿಕೊಂಡು ರಿವರ್ಸ್ ಹೋಗಬಾರದು,
ಹೋದರೆ ಒಳಗೆಲ್ಲ ಪುಡಿ."
ಇಂಥ ಮಾತಿಗೆ ನನ್ನ ವಯಸ್ಸಿನವರು
ಏನಾದರೂ ವೇದಾಂತ ಹೇಳಬೇಕು.
ಅದನ್ನು ತಡೆಯಲು ಬೇರೆ ಸ್ವಿಚ್ಚಿದೆಯಂತೆ, ನೂರಾ ಎಂಬತ್ತು ರೂಪಾಯಿ.
ಹಾಕಿ ಅಂದೆ.

ಸೀಟು ಕಳಚಿ, ರಟ್ಟಿನ ಮುಚ್ಚಳ ಎತ್ತಿ,
ಹಳೇ ಗೇರ್‌ಬಾಕ್ಸನ್ನು ಒಳಗಿಂದಲೇ ಹೊರತೆಗೆದಿದ್ದಾರೆ.
ಸ್ವಿಚ್ಚು ಎಲ್ಲಿ ಕೂರಿಸುವುದು?
ಡ್ಯಾಶ್‌ಬೋರ್ಡಿನಲ್ಲಿ ಅನ್ನುತ್ತಾನೆ ನವಾಜ, ಗೇರಿನ ಗುಂಡಿನ ಮೇಲೆ ಅನ್ನುತ್ತಾರೆ ಮಾವ.
ನಾನು ಆಯಿಲ್ ಡಬ್ಬ ಬೋರಲು ಹಾಕಿ ಕೂತು
ಸ್ಟೇರಿಂಗು ಹಿಡಿದೆ.
ಬಲಗೈಯ ಕಿರುಬೆರಳು ತಾನಾಗಿ ಚಾಚಿಕೊಂಡಿತು,
ನಲವತ್ತು ವರ್ಷ ಶಿಫ್ಟ್ ಒತ್ತಿದ ಬೆರಳು.
ಒತ್ತಿದರೆ ಇಂಗ್ಲಿಷಿನ ಅಕ್ಷರ ದೊಡ್ಡದಾಗುತ್ತಿತ್ತು,
ಕನ್ನಡದ್ದಾದರೆ ಬೇರೆಯದೇ ಅಕ್ಷರ.

"ಇಲ್ಲಿ" ಎಂದೆ.
ನವಾಜ ಚಾಕ್‌ಪೀಸು ಹುಡುಕುತ್ತಿದ್ದ.