ದಯವಿಟ್ಟು ಆಫ್ ಮಾಡಬೇಡಿ

ಅಕ್ಟೋಬರ್ ದಾಟಿದರೆ ಇದಕ್ಕೆ ಹೇಳುವವರಿಲ್ಲ ಕೇಳುವವರಿಲ್ಲ
ಎಂದು ತಿಂಗಳಿಂದ ಪರದೆಯ ಮೂಲೆಯಲ್ಲಿ ಒಂದೇ ಗೋಳು.
ನನಗೂ ಅರವತ್ತೆಂಟು. ನನಗೆ ಯಾರು ಕಳಿಸಿದರು ಇಂಥ ನೋಟೀಸು?
ಆದರೂ ಮಂಗಳವಾರದ ಹಡಗಿನಲ್ಲಿ ಎರಡು ಹಾರ್ಡ್ ಡಿಸ್ಕ್ ತರಿಸಿದೆ,
ಸವೆದ ಸಾಬೂನಿನಷ್ಟು ಗಾತ್ರ.
ಮೊದಲು ನಕಲು, ಆಮೇಲೆ ಹೊಸದು
ಅಂದಿದ್ದ ಕಾರ್ಡ್ಲಾ ಗ್ರಂಥಾಲಯದ ಹುಡುಗ ಟನೆಲ್,
ಆಲೂಗಡ್ಡೆ ನೆಲಮಾಳಿಗೆಗೆ ಇಳಿಸಿ ಆಮೇಲೆ ನೆಲ ಅಗೆ
ಅಂದಷ್ಟು ಸಹಜವಾಗಿ.

ನನ್ನದೆಲ್ಲ ಸಲೀಸಾಗಿ ಹೋಯಿತು:
ಕೈಗವಸಿನ ವಿನ್ಯಾಸಗಳು, ವಿದ್ಯುತ್ ಬಿಲ್ಲು,
ಒಂದೇ ಬೆಕ್ಕಿನ ನಾನೂರ ಹನ್ನೊಂದು ಚಿತ್ರ,
"ಹೊಸ ಫೋಲ್ಡರ್", ಅದರೊಳಗೆ "ಹೊಸ ಫೋಲ್ಡರ್",
ಅದರೊಳಗೆ ಏನೂ ಇಲ್ಲ.
ಅದನ್ನೂ ನಕಲಿಸಿದೆ.

ತಡೆದದ್ದು ಎರಡನೆಯ ಹೆಸರು.
ಯಂತ್ರ ಎದ್ದಾಗಲೆಲ್ಲ ನನ್ನ ಹೆಸರಿನ ಕೆಳಗೆ
ಒಂಬತ್ತು ವರ್ಷದಿಂದ ಸುಮ್ಮನೆ ಕೂತಿರುವ ದುಂಡು ಚಿತ್ರ:
ಲೆಂಬಿತ್.
ಕೋರ್ಟು ದೋಣಿ ಅವನಿಗೆ, ಒಲೆ ನನಗೆ ಎಂದಿತು,
ಚಮಚೆಗಳನ್ನು ಸಮ ಮಾಡಿತು.
ಇದರ ಮಾತು ಯಾರೂ ಎತ್ತಲಿಲ್ಲ.

ಮೂರು ಮನೆ ಆಚೆ ಇರುತ್ತಾನೆ. ಹೋಗಿ ಬಾಗಿಲು ಬಡಿದೆ.
ಪಾಸ್‌ವರ್ಡು, ಅಂದೆ.
ಹೇಳಲಿಲ್ಲ. ಬಂದೇ ಹಾಕುತ್ತೇನೆ ಅಂದ.
ಬೂಟು ಬಿಚ್ಚಿ ಹಳೆಯ ಜಾಗದಲ್ಲೇ ಇಟ್ಟ;
ಅಲ್ಲೀಗ ಛತ್ರಿ ಇಡುತ್ತೇನೆಂದು ನಾನು ಹೇಳಲಿಲ್ಲ.
ಎಡಗೈ ಮರೆ ಮಾಡಿ ಬಲಗೈಯ ಒಂದೇ ಬೆರಳಲ್ಲಿ ಕುಟ್ಟಿದ.
ಕಿಟಕಿಯ ಕಡೆ ತಿರುಗಿದೆ. ಆದರೂ ಕಿವಿ ಕಿವಿಯೇ.
ಏಳು ಸದ್ದು. ತಪ್ಪು. ಮತ್ತೆ ಏಳು.
ಉರ್ವೆ ಎಂದು ಬರೆಯಲು ನಮ್ಮ ಲಿಪಿಯಲ್ಲಿ ನಾಲ್ಕು ಸಾಕು.
ಉಳಿದ ಮೂರು?

ಒಳಗೆ ಗುಟ್ಟೇನೂ ಇರಲಿಲ್ಲ.
ಇಸ್ಪೀಟಿನ ಆಟ, ಎರಡು ಸಾವಿರ ಸೋಲು.
ಮತ್ತೊಂದು ಪಟ್ಟಿ: ಜಲಸಂಧಿಯ ಮಂಜುಗಡ್ಡೆ ಎಷ್ಟು ದಪ್ಪ,
ಸೆಂಟಿಮೀಟರಿನಲ್ಲಿ, ಮೂವತ್ತು ಚಳಿಗಾಲ,
ರಸ್ತೆ ಇಲಾಖೆ ಕೇಳುವಷ್ಟು ದಿನ ಕೇಳಿತು,
ಕೇಳದಿದ್ದಾಗಲೂ ಇವನು ಕೊರೆದು ಅಳೆದ.
ಕೊನೆಕೊನೆಗೆ ಸಾಲುಗಳು ಖಾಲಿ.
ಖಾಲಿಗೂ ತಾರೀಖು ಹಾಕಿದ್ದಾನೆ ಪುಣ್ಯಾತ್ಮ:
ಹೋದೆ. ಬರೀ ನೀರು. ಬಂದೆ.

ಎರಡು ಕಡೆ ಇಡಬೇಕು ಅಂದ,
ಒಂದು ನಿನ್ನಲ್ಲಿ, ಒಂದು ನನ್ನಲ್ಲಿ,
ಬೆಂಕಿ ಎರಡೂ ಮನೆಗೆ ಒಟ್ಟಿಗೆ ಬೀಳುವುದಿಲ್ಲ.
ಈ ಬುದ್ಧಿ ಆಗ ಎಲ್ಲಿ ಮೇಯಲು ಹೋಗಿತ್ತು
ಎಂದು ಕೇಳಲು ಬಾಯಿ ತೆರೆದು
ಕಾಫಿ ಬಗ್ಗಿಸಿದೆ.

ಆಮೇಲೆ ಯಂತ್ರ ಕೇಳಿತು:
ಎಲ್ಲವನ್ನೂ ಉಳಿಸಿಕೊಳ್ಳುವುದೇ, ಏನನ್ನೂ ಉಳಿಸದಿರುವುದೇ?
ಎಸ್ಟೋನಿಯನ್ ಭಾಷೆಯಲ್ಲೇ ಕೇಳಿತು,
ಅರ್ಥವಾಗಲಿಲ್ಲ ಎನ್ನುವಂತಿರಲಿಲ್ಲ.
ಇಬ್ಬರೂ ಓದಿದೆವು. ಮೌಸು ನನ್ನ ಕೈಯಲ್ಲಿತ್ತು.
ಉಳಿಸು, ಒತ್ತಿದೆ.
ಅವನು ಕಪ್ಪಿನ ತಳದ ಸಕ್ಕರೆ ಕಲಕುತ್ತಿದ್ದ.

ಎಪ್ಪತ್ತನಾಲ್ಕು ಪರ್ಸೆಂಟಿಗೆ ಬಂದು ನಿಂತಿತು.
ದಯವಿಟ್ಟು ಆಫ್ ಮಾಡಬೇಡಿ.
ಕಡಲು ಹೆಪ್ಪುಗಟ್ಟಿದಾಗಿನ ರಸ್ತೆಗೂ ಇದೇ ಮಾತು ಅಂದ ಲೆಂಬಿತ್,
ಸೀಟ್ ಬೆಲ್ಟ್ ಬಿಚ್ಚಿಡು, ನಡುವೆ ಮಾತ್ರ ನಿಲ್ಲಬೇಡ,
ನಿಂತರೆ ಭಾರವೆಲ್ಲ ಒಂದೇ ಕಡೆ ಕೂರುತ್ತದೆ.

ಗೊತ್ತು.
ಆ ಫೆಬ್ರವರಿ, ನಡು ಜಲಸಂಧಿಯಲ್ಲಿ,
ನಿಲ್ಲಿಸು ಕಾರು, ಇಳಿಯುತ್ತೇನೆ ಎಂದು ಕಿರುಚಿದವಳು ನಾನೇ.
ಅವನು ನಿಲ್ಲಿಸಲಿಲ್ಲ. ತಿರುಗಿಯೂ ನೋಡಲಿಲ್ಲ.
ಕೇಳಿಸಿಕೊಳ್ಳದ ಗಂಡ ಎಂದು
ಊರಿಗೆಲ್ಲ ಹೇಳಿಕೊಂಡು ಬಂದೆ.

ಕತ್ತಲಾಯಿತು, ಇಲ್ಲಿ ಬೇಗ ಆಗುತ್ತದೆ.
ಎಪ್ಪತ್ತನಾಲ್ಕು.
ಬೆಕ್ಕು ಬೂಟನ್ನು ಮೂಸಿತು, ನನ್ನನ್ನು ನೋಡಿತು.
ಎಪ್ಪತ್ತನಾಲ್ಕು.
ಎಪ್ಪತ್ತೈದು.

ಈಗ ಎಲ್ಲ ಹೊಸದು. ಗುಂಡಿಗಳು ನಡುವಿಗೆ ಸರಿದಿವೆ,
ನನ್ನ ಹೆಸರು, ಕೆಳಗೆ ಅವನ ಹೆಸರು, ಹಾಗೇ ಇವೆ.
ಪ್ರಿಂಟರಿಗೆ ಮಾತ್ರ ಏನಾಯಿತೋ, ಮಿಸುಕಾಡುತ್ತಿಲ್ಲ.
ಕೇಳಿದರೆ, ನಾಳೆ ಬಂದು ನೋಡುತ್ತೇನೆ ಅಂದಾನು.
ಇನ್ನೂ ಕೇಳಿಲ್ಲ.