ಸಿಂಗ್ರಯ್ಯನ ಗೇಣು

ಸಾಲಗಾಮೆ ರಸ್ತೆಯ ಕಚೇರಿ, ಎರಡನೇ ಮಹಡಿ.
ಎದುರಿಗೆ ಪರದೆ, ಪಕ್ಕದಲ್ಲಿ ಗೆದ್ದಲು ತಿಂದು ಉಳಿಸಿದ ವಹಿಗಳು.
ಅರಸೀಕೆರೆ ತಾಲ್ಲೂಕಿನ ವೀಕ್ಷಣಾ ಬಾವಿಗಳು
ಒಂದೊಂದಾಗಿ ನನ್ನ ಬೆರಳಿಗೆ ಬರುತ್ತವೆ.
ಗುತ್ತಿಗೆಯ ಕಾಗದದಲ್ಲಿ ಏನೇನೋ ಇದೆ, ಕೆಲಸ ಇಷ್ಟೇ:
ಮೂವತ್ತು ವರ್ಷದ ನೀರನ್ನು ಸರಿಮಾಡುವುದು.

ಹಳೆಯ ಯಂತ್ರದಿಂದ ಹೊಸದಕ್ಕೆ ಸಾಗಿಸುವಾಗ
ಖಾಲಿ ಬಿಟ್ಟ ಮನೆಗಳಲ್ಲೆಲ್ಲ ಸೊನ್ನೆ ಬಂದು ಕೂತಿದೆ.
ನೆಲದಿಂದ ನೀರಿಗೆಷ್ಟು ದೂರ ಎಂಬ ಲೆಕ್ಕದಲ್ಲಿ
ಸೊನ್ನೆ ಎಂದರೆ ಬಾವಿ ಬಾಯಿತನಕ ತುಂಬಿದೆ.
ಹಾಗಾಗಿ ನಕ್ಷೆಯಲ್ಲಿ,
ಯಾರೂ ಹೋಗಿ ನೋಡದ ತಿಂಗಳಲ್ಲೆಲ್ಲ
ಬಾಣಾವರದ ಕಡೆಯ ಬಯಲು ಉಕ್ಕಿ ಹರಿದಿದೆ.
ನಾನು ಸೊನ್ನೆ ಕಿತ್ತು 'ಇಲ್ಲ' ನೆಡುತ್ತೇನೆ.
ಇಲ್ಲಕ್ಕೂ ಸೊನ್ನೆಗೂ ನಡುವೆ
ಒಂದು ಊರು ಮುಳುಗುವಷ್ಟು ನೀರು.

ನಲವತ್ತೇಳನೇ ಬಾವಿ ಬೇರೆ ಥರ.
ತೊಂಬತ್ತೈದರ ಆಗಸ್ಟಿನಿಂದ ಹದಿನೈದು ತಿಂಗಳು
ಅಕ್ಕಪಕ್ಕದವು ಏರಿದಾಗ ಏರಿ, ಇಳಿದಾಗ ಇಳಿದು,
ಅದೇ ಹೆಜ್ಜೆ, ಆದರೆ
ಒಂದು ಮೆಟ್ಟಿಲು ಕೆಳಗೇ ನಡೆದಿದೆ.
ಕೆಂಪು ಬಾವುಟ: ಸಂಶಯ.
ತಿದ್ದಬಹುದು, ಅಳಿಸುವ ಹಾಗಿಲ್ಲ.
ಹಳೆಯ ಅಂಕಿ ಹೊಸದರ ಹಿಂದೆ ಇದ್ದೇ ಇರುತ್ತದೆ,
ಮೊದಲ ಹೆಂಡತಿಯ ಫೋಟೊ ಗೋಡೆಯಲ್ಲಿರುವ ಹಾಗೆ.
ತಿದ್ದಿದವರು: ನಸೀಮಾ. ತಾರೀಖು ಅದೇ ಬೀಳುತ್ತದೆ.
ಕಾರಣ ಮಾತ್ರ ನಾವೇ ಬರೆಯಬೇಕು,
ನಲವತ್ತು ಅಕ್ಷರದೊಳಗೆ.

ವಹಿಯ ಕೊನೇ ಹಾಳೆಯ ಹೆಸರು ಹಿಡಿದು
ಅವರಿವರನ್ನು ಕೇಳಿ ಫೋನು ಮಾಡಿದೆ.
ಮಾರನೇ ದಿನ ಬಂದೇಬಿಟ್ಟರು ಸಿಂಗ್ರಯ್ಯ,
ಬೆಳಗಿನ ಪ್ಯಾಸೆಂಜರ್ ಗಾಡಿಗೆ, ಇಸ್ತ್ರಿ ಮಾಡಿದ ಅಂಗಿ,
ಜೇಬಿನಲ್ಲಿ ಪಿಂಚಣಿ ಪುಸ್ತಕ,
ವಿಚಾರಣೆಗೆ ಕರೆದಿದ್ದಾರೆ ಅಂದುಕೊಂಡು.

"ಟೇಪಿನ ತುದಿ ಕಲ್ಲಿಗೆ ಸಿಕ್ಕಿ ಕಿತ್ಕೊಂಡೋಯ್ತು ಕಣವ್ವ.
ಹೊಸದು ಕೊಡಿ ಅಂತ ಬರೆದೆ, ಬರ್ಲಿಲ್ಲ.
ಉಳಿದಿದ್ದಕ್ಕೆ ಸೈಕಲ್ ನಟ್ಟು ಕಟ್ಟಿ ಇಳಿಬಿಡ್ತಿದ್ದೆ."
ಎಷ್ಟು ಹೋಗಿತ್ತು?
"ಒಂದು ಗೇಣು."
ಯಾರ ಗೇಣು?
"ಇನ್ಯಾರದು!"

ಮೇಜಿನ ಮೇಲೆ ಸ್ಕೇಲು ಇಟ್ಟೆ.
ಹೆಬ್ಬೆರಳನ್ನು ಸೊನ್ನೆಗೆ ಒತ್ತಿ ಕಿರುಬೆರಳು ಚಾಚಿದರು.
ಹತ್ತೊಂಬತ್ತಕ್ಕೆ ನಿಂತಿತು.
ಇನ್ನೊಂದು ಸಲ. ಹತ್ತೊಂಬತ್ತೂವರೆ.
"ಆಗ ಜಾಸ್ತಿ ಇತ್ತು," ಎಂದರು
ತೂಕದಲ್ಲಿ ಸಿಕ್ಕಿಬಿದ್ದ ಅಂಗಡಿಯವನ ಹಾಗೆ.
"ಈ ಬೆರಳು ಹೋದ ವರ್ಷದಿಂದ ನೆಟ್ಟಗಾಗಲ್ಲ."
ಕ್ಯಾಂಟೀನಿನಿಂದ ಬಿಸಿನೀರು ತರಿಸಿದೆ.
ಬೋಗುಣಿಯಲ್ಲಿ ಕೈ ಅದ್ದಿಕೊಂಡು ಕೂತರು, ಕಾಲು ಗಂಟೆ,
ಫ್ಯಾನಿನ ಕೆಳಗೆ ಹಾರುವ ಹಾಳೆಗಳನ್ನು
ಇನ್ನೊಂದು ಕೈಯಲ್ಲಿ ಹಿಡಿದುಕೊಟ್ಟರು.
ಇಪ್ಪತ್ತೊಂದು.

ಅಕ್ಕಪಕ್ಕದ ಬಾವಿಗಳ ಸಾಕ್ಷಿ ಇಪ್ಪತ್ತಮೂರು.

ಆಮೇಲೆ, ಕೇಳದೇ ಇದ್ದರೂ, ಅವರೇ:
"ತೊಂಬತ್ತೆಂಟರಲ್ಲಿ ಫೆಬ್ರವರಿ, ಮಾರ್ಚು, ಏಪ್ರಿಲ್ಲು
ಮೂರರಲ್ಲೂ ಹದಿನಾಲ್ಕು ಅರವತ್ತು ಅಂತಿರ್ಬೇಕು ನೋಡಿ.
ಮಗಳ ಬಾಣಂತನ. ನಾನು ಬಾವಿ ತಾವಕ್ಕೆ ಹೋಗಿರ್ಲಿಲ್ಲ."
ಹೇಳಿದ್ದು ಮೂಲೆಯ ನೀರಿನ ಫಿಲ್ಟರಿಗೆ, ನನಗಲ್ಲ.
ತೆಗೆದು ನೋಡಿದೆ. ಇತ್ತು.
ಒಂದು ಬಾವುಟವೂ ಬಿದ್ದಿರಲಿಲ್ಲ.
ಅಷ್ಟು ನೆಟ್ಟಗಿನ ಗೆರೆಯನ್ನು
ಯಂತ್ರ ಯಾಕೆ ಅನುಮಾನಿಸೀತು?
ಇಲ್ಲ. ಇಲ್ಲ. ಇಲ್ಲ.

ಹದಿನೈದು ತಿಂಗಳಿಂದಲೂ ಇಪ್ಪತ್ತಮೂರು ಕಳೆದೆ.
ಕಾರಣ: ಟೇಪು ಒಂದು ಗೇಣು ತುಂಡು. ಗೇಣು ಸಿಂಗ್ರಯ್ಯನದು.
ಕೆಂಪು ಹೋಗಿ ಹಳದಿ ಬಂತು, ಅಂದಾಜು.
ಹಸಿರು ಕೇಳುವ ಧೈರ್ಯ ನನಗೂ ಇರಲಿಲ್ಲ.

"ಅಂದ್ರೆ ನೀರು ಮೇಲೆ ಬಂತಾ?"
ಬಂತು. ಒಂದು ಗೇಣು. ತೊಂಬತ್ತೈದರಲ್ಲಿ.
"ಆಗ್ಲೇ ಗೊತ್ತಿದ್ರೆ ಹಗ್ಗ ಉಳೀತಿತ್ತಲ್ಲ," ಎನ್ನುತ್ತ
ಮೆಟ್ಟಿಲಿಳಿದರು,
ಒದ್ದೆ ಕೈಯನ್ನು ಅಂಗಿಗೆ ತಾಗದಂತೆ ದೂರ ಹಿಡಿದು,
ಬೆರಳುಗಳನ್ನು ಇನ್ನೂ ಅಗಲಿಸಿಕೊಂಡೇ.