ಯಾರ ಕಡಿಂದ

ಆರನೇ ದಿನಕ್ಕೂ ಜ್ವರ ಇಳೀಲಿಲ್ಲ.
ಪಿಚ್ಚಿಲ್ಲ, ನೀರಿಲ್ಲ, ಸುಮ್ಮನ ಕೆಂಪು ಕಣ್ಣು.
ಗೊಬ್ಬರ ಎದ್ದಾವು ಅಂತ ಅಕ್ಕ
ಬಾಗಿಲಿಗೆ ಬೇವಿನ ತೊಪ್ಪಲ ಕಟ್ಟಿದಳು.
ನಾಲಿಗಿ ನೋಡಿ ಡಾಕ್ಟರು ಸ್ಟ್ರಾಬೆರಿ ಅಂದರು.
ಅದನ್ನ ನಾವೆಲ್ಲಿ ಕಂಡೇವಿ?
ಭೂತನಾಳ ಕೆರಿ ದಂಡಿಯ ಪಾಪಾಸುಕಳ್ಳಿ ಹಣ್ಣು ಕಂಡೇವಿ,
ಹಂಗ ಇತ್ತು, ಮುಳ್ಳು ಕಿತ್ತ ಗುರುತು ಸಹಿತ.

ಚೀಟಿ ಹಿಂದ ಎರಡು ಗೆರಿ ಎಳೆದರು.
ಇದು ಎದಿಗೇ ರಕ್ತ ಒಯ್ಯೂ ನಳಿಗಿ.
ಒಳಗಿನ ಗ್ವಾಡಿ ಉರಿಯೆದ್ದು ಬಾತೈತಿ.
ಎರಡು ಮಿಲಿಮೀಟರ್ ಇರಬೇಕಾದಲ್ಲಿ ನಾಲ್ಕು.

ಇಪ್ಪತ್ತೊಂದು ವರ್ಷದಿಂದ ವಾಲ್ವ್‌ಮ್ಯಾನ್ ನಾನು,
ಜೋರಾಪುರ ಪೇಟಿ ಓಣಿ ಓಣಿಗೆ ನೀರು ಬಿಡಾವ.
ಹನ್ನೆರಡು ಇಂಚಿನ ಪೈಪು ಎಲ್ಲಿ ಸೋರತೈತಿ
ಡಾಂಬರಿನ ಮ್ಯಾಲ ಅಂಗಾಲಿಟ್ಟು ಹೇಳತೀನಿ.
ಸಾಸಿವಿಕಾಳಿನಷ್ಟು ಪೈಪು
ಮೂರು ವರ್ಷ ನನ್ನ ಮನಿಯಾಗ ಓಡ್ಯಾಡಿತು,
ಹೆಗಲ ಮ್ಯಾಲ ಕುಂತು ಕೂದಲ ಜಗ್ಗಿತು,
ತಿಳೀಲಿಲ್ಲ.

"ಹುಟ್ಟತಾನ ಕೆಲವು ಮಕ್ಕಳ ರಕ್ತದಾಗ ಒಂದು ಒಲವು ಇರತೈತಿ,
ಮನೆತನದ್ದು. ಯಾವುದೋ ಸಣ್ಣ ಸೋಂಕು ಬಂದು ಕಡ್ಡಿ ಗೀರತೈತಿ.
ಯಾವುದು ಅಂತ ನಮಗೂ ಪೂರಾ ಗೊತ್ತಿಲ್ಲ."
ಒಲವು. ನಮ್ಮ ಕೆಲಸದಾಗ ಅದಕ್ಕ ವಾಟ ಅಂತೀವಿ.
ನೀರು ಬರೂಕಿಂತ ಮೊದಲ
ನೆಲ ಯಾ ಕಡಿ ಬಾಗೇತಿ, ಅದು.

ಮನೆತನದ್ದು ಅಂದಕೂಡಲೆ ಜಗಳಕ್ಕ ಜಾಗ ಹುಡುಕಿದಿವಿ.
ಯಾರ ಕಡಿಂದ ಬಂತು?
ಹೆಂಡತಿ ಕಡಿಂದ ಅನಬೇಕಂದ್ರ
ಅತ್ತಿ ನನ್ನ ಒಡಹುಟ್ಟಿದ ಅಕ್ಕ.
ನನ್ನ ಕಡಿಂದ ಅನ್ನಾಕ
ಅಕಿ ತನ್ನ ಅವ್ವನ ಹೆಸರೇ ಹಿಡೀಬೇಕು.
ಮದಿವಿ ಫೋಟೋದಾಗ ಬೀಗರದೂ ಬೀಗರದೂ ಒಂದ ಮೂಗು.

ರಾತ್ರಿ ವರಾಂಡದಾಗ ಅಕ್ಕ ತಾನ ಬಾಯಿಬಿಟ್ಟಳು.
"ಪರಸು ಅಂತ ಒಬ್ಬ ಇದ್ದ, ನಿನಗಿಂತ ಮೊದಲ.
ಹಿಂಗ ಜ್ವರ. ಇಳದ ಮ್ಯಾಲ ಬೆರಳ ತುದಿ
ಉಳ್ಳಾಗಡ್ಡಿ ಸಿಪ್ಪಿ ಹಂಗ ಸುಲದಿತ್ತು.
ಗುಣಾತು ಅಂತ ಹೋಳಗಿ ಮಾಡಿದ್ಲು ಅವ್ವ.
ಗೋಲಿ ಆಡತಾಡತ ಬಿದ್ದ.
ನೀ ಆಗ ಹೊಟ್ಟಿಯಾಗ ಇದ್ದಿ."
ಡಾಕ್ಟರಿಗೆ ಹೇಳಿದೆ. ಇರಬಹುದು ಅಂದರು.
ಇರಲಿಕ್ಕೂ ಇಲ್ಲ ಅಂದರು.
ಪರಸೂನ ಒಂದು ಫೋಟೋ ಸೈತ ಇಲ್ಲ.

ಬಾಟಲಿ ಹಚ್ಚಿದರು. ಬಣ್ಣಿಲ್ಲದ ಔಷಧ.
ಸಾವಿರಾರು ಮಂದಿ ರಕ್ತದಿಂದ ಸೋಸಿದ್ದಂತ,
ನರ್ಸಮ್ಮ ಹೇಳಿದಳು.
ಯಾರ ಕಡಿಯವರು ಅಂತ
ಅಕ್ಕ ಕೇಳಲಿಲ್ಲ.

ಹನಿ ಬಾಳ ಸಾವಕಾಶ ಬೀಳತಿತ್ತು.
ರೂಢಿ ಕೈ, ಆ ಸಣ್ಣ ಗಾಲಿ ಕಡೆ ಹೋತು.
ಮುಟ್ಟಬ್ಯಾಡ್ರಿ ಅಂದಳು.
ಕಿಸೆದಾಗ ಫೋನು ನಡಗತಾನ ಇತ್ತು,
ಜೋರಾಪುರ ಪೇಟಿಯವರು,
ನೀರು ಯಾವಾಗ ಬಿಡತಿ, ನೀರು ಯಾವಾಗ ಬಿಡತಿ.
ಆರು ವಾರಕ್ಕ ಮತ್ತ ಅಳೀತಾರಂತ.
ಸಾವಂತ್ರಿ ನಿದ್ದಿಯಾಗ ನನ್ನ ಹೆಬ್ಬೆರಳು ಹಿಡಿದಿದ್ದಳು.
ಅದರೊಳಗ ಒಂದು ನಾಡಿ ಬಡೀತಿತ್ತು,
ಅಕಿದೋ ನನ್ನದೋ.